ಇ ಘಾತ ಎಕ್ಸ್ ಬದಲಾಗದಿದ್ದರೂ ಉತ್ತರ ತಪ್ಪೇಕೆ?

ಪ್ರಶ್ನೆ: ಹನ್ನೆರಡನೆಯ ತರಗತಿಯಲ್ಲಿರುವ ನನ್ನ ಮಗಳು ‘ಎಕ್ಸ್ ವರ್ಗ ಗುಣಿಸು ಇ ಘಾತ ಎಕ್ಸ್’ ಎಂಬುದನ್ನು (ಇ ಎಂದರೆ ಸುಮಾರು 2.718 ಎಂಬ ಸ್ಥಿರಸಂಖ್ಯೆ) ಅವಕಲಿಸಿ, ಅಂದರೆ ಎಕ್ಸ್ ಬದಲಾದಂತೆ ಅದು ಬದಲಾಗುವ ದರವನ್ನು ಲೆಕ್ಕಹಾಕಿ, ‘2ಎಕ್ಸ್ ಗುಣಿಸು ಇ ಘಾತ ಎಕ್ಸ್’ ಎಂದು ಬರೆದು ಅಂಕ ಕಳೆದುಕೊಂಡಳು. ಇ ಘಾತ ಎಕ್ಸ್ ಅನ್ನು ಅವಕಲಿಸಿದರೂ ಅದೇ ಬರುತ್ತದಲ್ಲ, ತಪ್ಪೇನು ಎಂದು ಕೇಳುತ್ತಾಳೆ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅವಳ ಮಾತು ನಿಜ, ತಪ್ಪಿರುವುದು ಎರಡು ಅವಕಲನಗಳನ್ನು ಪರಸ್ಪರ ಗುಣಿಸಿದ್ದರಲ್ಲಿ. ಇ ಘಾತ ಎಕ್ಸ್ ತನ್ನ ರೂಪವನ್ನು ಬಿಟ್ಟುಕೊಡದ ಕಾರಣ ಈ ತಪ್ಪು ಮೇಲುನೋಟಕ್ಕೆ ಕಾಣುವುದೇ ಇಲ್ಲ. ಗುಣಲಬ್ಧದ ಅವಕಲನವೆಂದರೆ ಅವಕಲನಗಳ ಗುಣಲಬ್ಧವೇ ಎಂಬ ಪ್ರಶ್ನೆಯನ್ನು 1675ರಲ್ಲಿ ಕಲನಶಾಸ್ತ್ರವನ್ನು ಕಟ್ಟಿದವರಲ್ಲೊಬ್ಬನಾದ ಲೈಬ್ನಿಟ್ಸ್‌ನೇ ತನ್ನ ಟಿಪ್ಪಣಿಯಲ್ಲಿ ಹಾಕಿಕೊಂಡಿದ್ದನಾದ್ದರಿಂದ ಅವಳು ನಾಚಿಕೊಳ್ಳಬೇಕಾಗಿಲ್ಲ.

ನಿಮ್ಮೂರಿನ ಲೋಕಲ್ ಗಾಡಿಯನ್ನೇ ನೋಡಿ. ಒಟ್ಟು ಪ್ರಯಾಣಿಕರೆಂದರೆ ಡಬ್ಬಿಗಳ ಸಂಖ್ಯೆಯನ್ನು ಒಂದೊಂದು ಡಬ್ಬಿಯ ಜನರಿಂದ ಗುಣಿಸಿದ್ದು. 12 ಡಬ್ಬಿಯ ಗಾಡಿ 15 ಡಬ್ಬಿಯದಾದರೆ ಒಂದು ಹೆಚ್ಚಳ, ಒಂದೊಂದು ಡಬ್ಬಿಯಲ್ಲೂ ನೂಕುನುಗ್ಗಲು ಹೆಚ್ಚಿದರೆ ಇನ್ನೊಂದು, ಇವೆರಡನ್ನೂ ಕೂಡಿಸಬೇಕು. ಹೊಸ ಡಬ್ಬಿಗಳಲ್ಲಿ ಹೆಚ್ಚಾಗಿ ತುರುಕಿಕೊಂಡವರ ಲೆಕ್ಕವೂ ಉಳಿಯುತ್ತದೆಯಾದರೂ, ಬದಲಾವಣೆಗಳು ತೀರ ಸಣ್ಣವಾದಾಗ ಅದು ನಗಣ್ಯವಾಗುತ್ತದೆ. ಹಾಗಾಗಿ ಒಂದನ್ನು ಅವಕಲಿಸಿ ಇನ್ನೊಂದನ್ನು ಹಾಗೆಯೇ ಇಟ್ಟು, ಬಳಿಕ ಅದಲುಬದಲು ಮಾಡಿ ಕೂಡಿಸಿದರೆ (ಇದೇ ಗುಣಲಬ್ಧ ನಿಯಮ), ‘2ಎಕ್ಸ್ ಗುಣಿಸು ಇ ಘಾತ ಎಕ್ಸ್’ ಜೊತೆಗೆ ‘ಎಕ್ಸ್ ವರ್ಗ ಗುಣಿಸು ಇ ಘಾತ ಎಕ್ಸ್’ ಸೇರುತ್ತದೆ. ಮಗಳು ಬಿಟ್ಟದ್ದು ಈ ಎರಡನೆಯ ಪದವನ್ನು.

ನಂಬಿಕೆ ಬಾರದಿದ್ದರೆ ಕ್ಯಾಲ್ಕುಲೇಟರ್ ಹಿಡಿಯಲಿ. ಎಕ್ಸ್ 1 ಆಗಿದ್ದಾಗ ‘ಎಕ್ಸ್ ವರ್ಗ ಗುಣಿಸು ಇ ಘಾತ ಎಕ್ಸ್’ನ ಬೆಲೆ 2.7183, 1.01 ಆದಾಗ 2.8008, ಹೆಚ್ಚಳವಾದ 0.0825 ಅನ್ನು 0.01ರಿಂದ ಭಾಗಿಸಿದರೆ 8.25. ಸರಿಯಾದ ಸೂತ್ರ ಕೊಡುವುದು 8.15, ಅವಳದು ಬರೀ 5.44. ಹೆಜ್ಜೆಯನ್ನು 0.001ಕ್ಕೆ ಇಳಿಸಿದರೆ 8.16 ಬರುತ್ತದೆ.

ನನಗೆ ಇದಕ್ಕಿಂತ ಹಿಡಿಸುವ ಪರೀಕ್ಷೆ ಇನ್ನೊಂದಿದೆ. ಇ ಘಾತ ಎಕ್ಸ್ ಅನ್ನು ಅದರಿಂದಲೇ ಗುಣಿಸಿದರೆ ಇ ಘಾತ 2ಎಕ್ಸ್. ಸರಪಳಿ ನಿಯಮದಂತೆ (ಘಾತದ ಅವಕಲನದಿಂದಲೂ ಗುಣಿಸಬೇಕೆಂಬ ನಿಯಮ) ಅದರ ಅವಕಲನ 2 ಗುಣಿಸು ಇ ಘಾತ 2ಎಕ್ಸ್. ಗುಣಲಬ್ಧ ನಿಯಮದಲ್ಲೂ ಎರಡು ಸಮಾನ ಪದಗಳು ಕೂಡಿ ಅಷ್ಟೇ ಬರುತ್ತದೆ. ಮಗಳ ದಾರಿಯಲ್ಲಿ ಹೋದರೆ ಅದರ ಅರ್ಧ ಮಾತ್ರ.

ಘಾತದಲ್ಲಿ 3ಎಕ್ಸ್ ಇದ್ದರೆ ಆ ಪದವನ್ನು ಅವಕಲಿಸುವಾಗ ಮುಂದೊಂದು 3 ಬರುತ್ತದೆ: ‘ಎಕ್ಸ್ ಗುಣಿಸು ಇ ಘಾತ 3ಎಕ್ಸ್’ ಎಂಬುದರ ಉತ್ತರ, ಇ ಘಾತ 3ಎಕ್ಸ್ ಅನ್ನು (1 + 3ಎಕ್ಸ್) ಇಂದ ಗುಣಿಸಿದ್ದು.