ಉಂಗುರವನ್ನು ಎಸೆಯಲಾರದ ನಾಯಕ: ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಫ್ಯಾಂಟಸಿ ಕಾದಂಬರಿಗಳನ್ನು ಕುರಿತು ನಾವು ಪ್ರಕಟಿಸಿದ ಲೇಖನಕ್ಕೆ ತಾವು ಬರೆದ ದೀರ್ಘ ಆಕ್ಷೇಪವನ್ನು ಎರಡು ಬಾರಿ ಓದಿದೆ. ಬಹುಕಾಲ ಸಾಹಿತ್ಯದ ಪಾಠ ಹೇಳಿದವರ ಶ್ರದ್ಧೆ ಅದರ ಪ್ರತಿ ಸಾಲಿನಲ್ಲೂ ಇದೆ. ಜನಪ್ರಿಯ ಫ್ಯಾಂಟಸಿ ಓದುಗನನ್ನು ಬದುಕಿನಿಂದ ದೂರ ಓಡಿಸುತ್ತದೆ, ಅದರ ಭಾಷೆ ಸವಕಲು, ಎಲ್ಲಕ್ಕಿಂತ ಮಿಗಿಲಾಗಿ ಅದರ ನಾಯಕರು ಹುಟ್ಟಿನಿಂದಲೋ ಭವಿಷ್ಯವಾಣಿಯಿಂದಲೋ ಗೆಲ್ಲಲೆಂದೇ ನೇಮಕಗೊಂಡವರು, ಅವರಿಗೆ ಒಳತೋಟಿಯೆಂಬುದೇ ಇಲ್ಲ ಎಂಬುದು ತಮ್ಮ ವಾದ. ರನ್ನನ ದುರ್ಯೋಧನನ ಪಕ್ಕದಲ್ಲಿ ನಿಲ್ಲಿಸಿದರೆ ಇವರೆಲ್ಲ ಬಣ್ಣದ ಗೊಂಬೆಗಳು ಎಂದಿದ್ದೀರಿ. ಸಾಹಿತ್ಯ ಪತ್ರಿಕೆಯೊಂದು ಇಂಥ ಕೃತಿಗಳಿಗೆ ಇಷ್ಟು ಪುಟಗಳನ್ನು ಏಕೆ ಕೊಡಬೇಕು ಎಂದು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದು, ಉತ್ತರಿಸುವುದು ನನ್ನ ಕರ್ತವ್ಯ.

ತಮ್ಮ ನಿಲುವಿಗೆ ದೊಡ್ಡ ವಿಮರ್ಶಕರ ಬೆಂಬಲವಿದೆ ಎಂಬುದನ್ನು ಮೊದಲೇ ಒಪ್ಪುತ್ತೇನೆ. ಜೆ. ಆರ್. ಆರ್. ಟೋಲ್ಕೀನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಾಗ, ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1956ರಲ್ಲಿ ಅದನ್ನು ಬಾಲಿಶ ಕಸವೆಂದು ತಳ್ಳಿಹಾಕಿದರು. 2000ದಲ್ಲಿ ಹೆರಾಲ್ಡ್ ಬ್ಲೂಮ್ ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕವನ್ನು ಅದರ ಸವಕಲು ನುಡಿಗಟ್ಟುಗಳಿಗಾಗಿ ಖಂಡಿಸಿ, ಕೋಟ್ಯಂತರ ಜನ ಕೊಂಡಿದ್ದಾರೆ ಎಂಬುದು ಯಾವ ಸಮರ್ಥನೆಯೂ ಅಲ್ಲ ಎಂದರು. ಈ ಕೊನೆಯ ಮಾತನ್ನು ನಾನೂ ಅನುಮೋದಿಸುತ್ತೇನೆ. ಆದರೆ ವಿಲ್ಸನ್ ಕಸವೆಂದು ಕರೆದ ಕೃತಿಯನ್ನೇ ಕವಿ ಡಬ್ಲ್ಯು. ಎಚ್. ಆಡೆನ್ ಮನಸಾರೆ ಮೆಚ್ಚಿ ಬರೆದಿದ್ದರು. ಹೆಸರುಗಳನ್ನು ತಕ್ಕಡಿಗೆ ಹಾಕಿ ಈ ವಾದವನ್ನು ತೀರ್ಮಾನಿಸಲಾಗದು. ಕೃತಿಗಳ ಒಳಗೇ ಹೋಗಿ ನೋಡಬೇಕು.

ಪಲಾಯನದ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ. ಟೋಲ್ಕೀನರೇ 1939ರ ಒಂದು ಉಪನ್ಯಾಸದಲ್ಲಿ ಇದನ್ನು ಎದುರಿಸಿ, ಸೆರೆಯಾಳು ಸೆರೆಮನೆಯಿಂದ ತಪ್ಪಿಸಿಕೊಳ್ಳುವುದಕ್ಕೂ ಸೈನಿಕ ರಣರಂಗದಿಂದ ಓಡಿಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ತೋರಿಸಿದ್ದರು. ಅದ್ಭುತವನ್ನು ರಸಗಳ ಸಾಲಿನಲ್ಲಿ ಕೂರಿಸಿ, ವಿಸ್ಮಯವನ್ನು ಅದರ ಸ್ಥಾಯಿಭಾವವೆಂದು ಗುರುತಿಸಿದ ಕಾವ್ಯಮೀಮಾಂಸೆಯನ್ನು ಬಲ್ಲ ತಮಗೆ, ಅಸಂಭವವಾದದ್ದೆಲ್ಲ ಅಸಾಹಿತ್ಯವಲ್ಲವೆಂದು ನಾನು ಹೇಳಬೇಕಾದ ಅಗತ್ಯವೂ ಇಲ್ಲ. ಜಗತ್ತು ಕಲ್ಪಿತವೇ ಎಂದು ಕೇಳುವುದಕ್ಕಿಂತ, ಆ ಜಗತ್ತಿನಲ್ಲಿ ಮಾಡಿದ್ದಕ್ಕೆ ತಕ್ಕ ಫಲ ಉಂಟೇ ಎಂದು ಕೇಳುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ.

ಈ ಪ್ರಶ್ನೆ ನಮ್ಮನ್ನು ನೇರವಾಗಿ ನಾಯಕನ ಬಳಿಗೆ ಒಯ್ಯುತ್ತದೆ. ಇಲ್ಲಿ ನಾನು ತಮ್ಮೊಡನೆ ಪೂರ್ತಿಯಾಗಿ ಭಿನ್ನಮತ ತಾಳುತ್ತೇನೆ. ಟೋಲ್ಕೀನರ ಕಥೆಯಲ್ಲಿ ತಾವು ಹೇಳುವಂಥ ಜನ್ಮತಃ ನಾಯಕ ಇದ್ದಾನೆ: ರಾಜವಂಶದ ಆರಗಾರ್ನ್, ಕೈಯಲ್ಲಿ ಪೂರ್ವಜರ ಖಡ್ಗ, ಮುಂದೆ ಕಾದಿರುವ ಕಿರೀಟ. ಆದರೆ ಕಥೆಯ ನಿರ್ಣಾಯಕ ಘಟ್ಟದಲ್ಲಿ ಈ ರಾಜ ಮಾಡುವುದೇನೆಂದು ದಯವಿಟ್ಟು ಗಮನಿಸಿ. ಗೆಲ್ಲುವ ಆಸೆಯೇ ಇಲ್ಲದ ಸಣ್ಣ ಸೈನ್ಯವೊಂದನ್ನು ಕಟ್ಟಿಕೊಂಡು ಅವನು ಶತ್ರುವಿನ ಹೆಬ್ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಶತ್ರುವಿನ ಕಣ್ಣು ತನ್ನತ್ತ ತಿರುಗಿರುವಷ್ಟು ಹೊತ್ತು ಇನ್ನೊಂದು ದಿಕ್ಕಿನಲ್ಲಿ ಇಬ್ಬರು ಪುಟ್ಟ ದೇಹದವರು, ಒಬ್ಬ ಫ್ರೋಡೊ, ಇನ್ನೊಬ್ಬ ಅವನ ತೋಟದ ಆಳು ಸ್ಯಾಮ್, ಶತ್ರುವಿನ ಶಕ್ತಿ ಅಡಗಿರುವ ಉಂಗುರವನ್ನು ಬೆಂಕಿಗೆ ಎಸೆಯಲು ತೆವಳಿಕೊಂಡಾದರೂ ಬೆಟ್ಟ ಹತ್ತಲಿ ಎಂಬುದಷ್ಟೇ ಅವನ ಉದ್ದೇಶ. ವಂಶ, ಖಡ್ಗ, ಪತಾಕೆಗಳೆಲ್ಲವೂ ಇಲ್ಲಿ ಬಲೆಗೆ ಕಟ್ಟಿದ ಎರೆ ಮಾತ್ರ. ವೀರಗಾಥೆಯ ಸಲಕರಣೆಗಳನ್ನೆಲ್ಲ ಇಟ್ಟುಕೊಂಡೂ ವೀರಗಾಥೆಯ ಭಾರವನ್ನು ತೋಟದ ಆಳಿನ ಹೆಗಲಿಗೆ ವರ್ಗಾಯಿಸಿದ ಈ ರಚನೆಯನ್ನು ಗೊಂಬೆಯಾಟವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ಫ್ರೋಡೊ ಗೆಲ್ಲುತ್ತಾನೆಯೇ? ಇಲ್ಲ. ಸಾವಿರ ಪುಟಗಳ ಉದ್ದಕ್ಕೂ ಯಾವ ಉಂಗುರವನ್ನು ನಾಶಮಾಡಲೆಂದು ನಡೆದು ಬಂದನೋ, ಅದನ್ನು ಬೆಂಕಿಯ ಅಂಚಿನಲ್ಲಿ ನಿಂತಾಗ ಅವನು ಎಸೆಯಲಾರ. ಇದು ನನ್ನದು ಎಂದು ಬೆರಳಿಗೆ ಧರಿಸಿಬಿಡುತ್ತಾನೆ. ಉಂಗುರ ನಾಶವಾಗುವುದು ಅದರ ಆಸೆಗೆ ಬಲಿಯಾದ ಗಾಲಮ್ ಅವನ ಬೆರಳನ್ನೇ ಕಚ್ಚಿ ಕಿತ್ತುಕೊಂಡು, ಸಂಭ್ರಮದಲ್ಲಿ ಕಾಲು ಜಾರಿ ಬೆಂಕಿಗೆ ಬಿದ್ದುದರಿಂದ. ಆ ಗಾಲಮ್ ಅಲ್ಲಿಯವರೆಗೆ ಬದುಕಿ ಉಳಿದದ್ದಾದರೂ ಹಿಂದೆ ಉಂಗುರ ಹೊಂದಿದ್ದ ಫ್ರೋಡೊನ ಬಂಧು ಬಿಲ್ಬೊ, ಆಮೇಲೆ ಫ್ರೋಡೊ, ಕೊನೆಗೆ ಸ್ಯಾಮ್ ತೋರಿಸಿದ ಕನಿಕರದಿಂದ. ಫ್ರೋಡೊ ನಾಯಕನಾಗಿ ವಿಫಲನಾದನೆಂದು ಟೋಲ್ಕೀನ್ 1963ರ ಪತ್ರವೊಂದರಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ. ಆದರೆ ಅವನ ಮೇಲೆ ಬಿದ್ದ ಒತ್ತಡ ಯಾರೂ ತಾಳಲಾರದ್ದಾಗಿತ್ತು, ಆದ್ದರಿಂದ ಅದು ನೈತಿಕ ಸೋಲಲ್ಲ ಎಂಬುದು ಅವರ ನಿಲುವು. ಮನುಷ್ಯನ ಸಂಕಲ್ಪಶಕ್ತಿಗೆ ಒಂದು ಮೇರೆ ಇದೆ, ಆ ಮೇರೆಯನ್ನು ಮುಟ್ಟುವವರೆಗೆ ನಡೆದವನನ್ನು ಸೋತನೆಂದು ಜರೆಯಬಹುದೇ ಎಂಬ ಈ ಪ್ರಶ್ನೆಗಿಂತ ಗಂಭೀರವಾದ ಒಳತೋಟಿಯನ್ನು ನಾವು ಕಾದಂಬರಿಯೊಂದರಿಂದ ಬಯಸಬೇಕೇ? ರಣಭೂಮಿಯ ಹೆಣಗಳ ನಡುವೆ ತಮ್ಮನಿಗಾಗಿ, ಗೆಳೆಯ ಕರ್ಣನಿಗಾಗಿ ಅಳುತ್ತ ನಡೆಯುವ ರನ್ನನ ದುರ್ಯೋಧನನನ್ನು ಮರೆಯದ, ಭಾರತದಲ್ಲಿ ಕರ್ಣನನ್ನೇ ನೆನೆಯೆಂದ ಪಂಪನನ್ನು ಓದಿ ಬೆಳೆದ ನಾವು ಫ್ರೋಡೊನನ್ನು ಗುರುತು ಹಿಡಿಯದೆ ಹೋದರೆ ಅದು ನಮ್ಮ ಓದಿನ ಕೊರತೆ.

ಸೋಲು ಅಲ್ಲಿಗೆ ಮುಗಿಯುವುದೂ ಇಲ್ಲ. ಊರಿಗೆ ಮರಳಿದ ಮೇಲೂ, ಅಕ್ಟೋಬರ್ 6ರಂದು ಇರಿತಕ್ಕೆ ಸಿಕ್ಕ ಭುಜದ ಗಾಯ ಪ್ರತಿ ವರ್ಷ ಅದೇ ದಿನ ಫ್ರೋಡೊನನ್ನು ಕಾಡುತ್ತದೆ. ತಾನು ಉಳಿಸಿಕೊಟ್ಟ ನಾಡಿನಲ್ಲಿ ತನಗೇ ನೆಲೆಯಿಲ್ಲದೆ ಅವನು ಹಡಗು ಹತ್ತಿ ಹೊರಟುಹೋಗುತ್ತಾನೆ. ಇದನ್ನು ಬರೆದವರು 1916ರಲ್ಲಿ ಮೊದಲ ಮಹಾಯುದ್ಧದ ಸೋಮ್ ಕದನದಲ್ಲಿ ಇದ್ದವರು. 1918ರ ಹೊತ್ತಿಗೆ ತಮ್ಮ ಆಪ್ತಮಿತ್ರರಲ್ಲಿ ಒಬ್ಬರನ್ನುಳಿದು ಎಲ್ಲರನ್ನೂ ಕಳೆದುಕೊಂಡವರು. ಕಾದಂಬರಿ ಯುದ್ಧದ ರೂಪಕವೆಂದು ಓದುವುದನ್ನು ಅವರು ಒಪ್ಪುತ್ತಿರಲಿಲ್ಲವಾದ್ದರಿಂದ ನಾನೂ ಹಾಗೆ ಹೇಳುವುದಿಲ್ಲ. ಆದರೆ ಮಾಯದ ಗಾಯವೆಂದರೆ ಏನೆಂದು ಬಲ್ಲ ಕೈ ಆ ಕೊನೆಯ ಅಧ್ಯಾಯಗಳನ್ನು ಬರೆದಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಒಂದೇ ಕೃತಿಯನ್ನು ಹಿಡಿದು ಇಡೀ ಪ್ರಕಾರವನ್ನು ಸಮರ್ಥಿಸುತ್ತಿದ್ದೇನೆಂದು ತಾವು ಹೇಳಬಹುದು. ಅರ್ಸುಲಾ ಲ ಗ್ವಿನ್ 1968ರಲ್ಲಿ ಪ್ರಕಟಿಸಿದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಕಾದಂಬರಿಯ ಗೆಡ್‌ನನ್ನು ನೋಡಿ. ಅವನು ಅಸಾಧಾರಣ ಮಂತ್ರಶಕ್ತಿಯಿಂದಲೇ ಹುಟ್ಟಿದವನು, ಅಂದರೆ ತಮ್ಮ ಆಕ್ಷೇಪಕ್ಕೆ ನೇರವಾಗಿ ಸಿಗುವವನು. ಸಹಪಾಠಿಯೊಬ್ಬನ ಮುಂದೆ ಮೆರೆಯಬೇಕೆಂಬ ಅಹಂಕಾರದಲ್ಲಿ ಅವನು ಸತ್ತವಳನ್ನು ಕರೆಯಲು ಹೋಗಿ ಒಂದು ನೆರಳನ್ನು ಜಗತ್ತಿಗೆ ಬಿಟ್ಟುಬಿಡುತ್ತಾನೆ. ಆ ಬಿರುಕನ್ನು ಮುಚ್ಚುವಾಗ ಗುರುಕುಲದ ಹಿರಿಯನೊಬ್ಬ ಪ್ರಾಣ ತೆರುತ್ತಾನೆ. ಗೆಡ್ ಮೊದಲು ನೆರಳಿನಿಂದ ಓಡುತ್ತಾನೆ, ಅನಂತರ ಅದನ್ನೇ ಅಟ್ಟಿಸಿಕೊಂಡು ಹೋಗುತ್ತಾನೆ; ಕೊನೆಗೆ ಎದುರು ನಿಂತಾಗ ಅದನ್ನು ಕತ್ತಿಯಿಂದ ಕೊಲ್ಲುವುದಿಲ್ಲ, ತನ್ನದೇ ಹೆಸರಿನಿಂದ ಕರೆಯುತ್ತಾನೆ. ಶತ್ರು ಹೊರಗೆ ಇಲ್ಲದ ಈ ಕಥೆಯಲ್ಲಿ ಒಳತೋಟಿ ಇಲ್ಲವೆನ್ನುವುದು ಹೇಗೆ? ಅಷ್ಟಕ್ಕೇ ಲೇಖಕಿ ತೃಪ್ತರಾಗಲಿಲ್ಲ. ಸರಣಿಯ ಮೂರನೆಯ ಕಾದಂಬರಿ ಬಂದು 18 ವರ್ಷಗಳಾದ ಮೇಲೆ, 1990ರಲ್ಲಿ ಬರೆದ ‘ತೆಹಾನು’ವಿನಲ್ಲಿ, ಅದೇ ಗೆಡ್ ಶಕ್ತಿಯನ್ನೆಲ್ಲ ಕಳೆದುಕೊಂಡು ಆಡು ಮೇಯಿಸುತ್ತಾನೆ. ಹೆಂಗಸರ ಮಂತ್ರವನ್ನು ಕೀಳೆಂದು ಕಂಡ ತನ್ನದೇ ಕಲ್ಪಿತ ಲೋಕವನ್ನು ಲೇಖಕಿ ಆ ಪುಸ್ತಕದಲ್ಲಿ ವಿಚಾರಣೆಗೆ ಒಳಪಡಿಸುತ್ತಾರೆ.

ಭಾಷೆಯ ವಿಷಯದಲ್ಲಿ ತಮ್ಮ ದೂರಿನ ಬಹುಭಾಗವನ್ನು ಒಪ್ಪುತ್ತೇನೆ. ಇದೇ ದೂರನ್ನು ತಮಗಿಂತ ಕಟುವಾಗಿ ಹೇಳಿದವರೂ ಲ ಗ್ವಿನ್ ಅವರೇ. 1973ರ ಪ್ರಬಂಧವೊಂದರಲ್ಲಿ ಅವರು ತಮ್ಮ ಕಾಲದ ಫ್ಯಾಂಟಸಿ ಕಾದಂಬರಿಯೊಂದರ ಸಂಭಾಷಣೆಯನ್ನು ಎತ್ತಿಕೊಂಡು, ನಾಲ್ಕಾರು ಪದಗಳನ್ನು ಬದಲಿಸಿದೊಡನೆ ಅದು ಇಂದಿನ ರಾಜಕಾರಣಿಗಳ ಮಾತುಕತೆಯಾಗುವುದನ್ನು ತೋರಿಸಿದರು. ಫ್ಯಾಂಟಸಿಗೆ ಹೊರಗಿನ ವಾಸ್ತವದ ಆಸರೆಯಿಲ್ಲ. ಅದರ ಲೋಕ ನಿಲ್ಲುವುದು ಮಾತಿನ ಮೇಲೆಯೇ, ಆದ್ದರಿಂದ ಶೈಲಿ ಕುಸಿದರೆ ಎಲ್ಲವೂ ಕುಸಿಯುತ್ತದೆ. ಈ ಅಳತೆಯಲ್ಲಿ ಪುಸ್ತಕದಂಗಡಿಯ ಕಪಾಟು ತುಂಬಿರುವ ದಪ್ಪ ಸರಣಿಗಳಲ್ಲಿ ಹೆಚ್ಚಿನವು ನಿಲ್ಲಲಾರವು. ಭವಿಷ್ಯವಾಣಿ ನಾಯಕನ ಪರವಾಗಿ ಎಲ್ಲ ಆಯ್ಕೆಗಳನ್ನೂ ಮಾಡಿಬಿಡುವ, ಇಕ್ಕಟ್ಟು ಬಂದಾಗಲೆಲ್ಲ ಹೊಸದೊಂದು ಮಂತ್ರ ನೆನಪಾಗುವ ಕಾದಂಬರಿಗಳನ್ನು ನಾನು ಸಮರ್ಥಿಸುವುದಿಲ್ಲ. ತಮ್ಮ ‘ಗೊಂಬೆ’ ಎಂಬ ಮಾತು ಅವುಗಳಿಗೆ ಸರಿಯಾಗಿಯೇ ಸಲ್ಲುತ್ತದೆ.

ತಾವು ಎತ್ತದ ಆಕ್ಷೇಪವೊಂದು ನನ್ನನ್ನು ಬಹಳ ಕಾಲದಿಂದ ಬಾಧಿಸುತ್ತಿದೆ. ಟೋಲ್ಕೀನರ ಕಥೆಯಲ್ಲಿ ಆರ್ಕ್‌ಗಳೆಂಬ ಇಡೀ ಕುಲವೇ ಕೆಟ್ಟದ್ದು. ಅವರನ್ನು ಕೊಲ್ಲುವಾಗ ಯಾರಿಗೂ ಪಶ್ಚಾತ್ತಾಪವಿಲ್ಲ. ಗಾಲಮ್‌ನಂಥ ಪತಿತನಿಗೂ ಕನಿಕರ ಸಲ್ಲಬೇಕೆಂದು ಇಷ್ಟು ಸೂಕ್ಷ್ಮವಾಗಿ ಹೇಳಿದ ಕೃತಿ ಆ ಕುಲಕ್ಕೆ ಕನಿಕರದ ಬಾಗಿಲನ್ನು ಮುಚ್ಚಿದೆ. ಲೇಖಕರೇ ಮುಂದಿನ ವರ್ಷಗಳಲ್ಲಿ ಆರ್ಕ್‌ಗಳ ಹುಟ್ಟಿನ ಬಗ್ಗೆ ಮತ್ತೆ ಮತ್ತೆ ಬರೆದು ನೋಡಿದರೂ ಸಮಾಧಾನಕರ ಉತ್ತರ ಕಾಣಲಿಲ್ಲ. ಇದನ್ನು ಭಾಷೆಯ ಸವಕಲುತನಕ್ಕಿಂತ ಬಹಳ ದೊಡ್ಡ ದೋಷವೆಂದು ನಾನು ಎಣಿಸುತ್ತೇನೆ, ಮತ್ತು ಈ ಪ್ರಕಾರದ ನಿಜವಾದ ವಿಮರ್ಶೆ ಇಲ್ಲಿಂದ ಆರಂಭವಾಗಬೇಕೆಂದು ಭಾವಿಸುತ್ತೇನೆ.

ತಮ್ಮ ಪತ್ರವನ್ನು ಒಂದು ಪದವನ್ನೂ ಕತ್ತರಿಸದೆ ಈ ಸಂಚಿಕೆಯಲ್ಲೇ ಪ್ರಕಟಿಸಿದ್ದೇವೆ. ಮೂರನೆಯ ಸಂಪುಟದಲ್ಲಿ ಬೆಟ್ಟ ಹತ್ತುವ ಅಧ್ಯಾಯವನ್ನೂ ಕೊನೆಯ ಹಡಗಿನ ಅಧ್ಯಾಯವನ್ನೂ ದಯವಿಟ್ಟು ಒಮ್ಮೆ ಓದಿ, ಆ ಬಳಿಕವೂ ಫ್ರೋಡೊ ತಮಗೆ ಗೊಂಬೆಯಾಗಿಯೇ ಕಂಡರೆ, ಏಕೆ ಹಾಗೆ ಕಂಡನೆಂದು ವಿವರವಾಗಿ ಬರೆದು ಕಳುಹಿಸಬೇಕೆಂದು ಕೋರುತ್ತೇನೆ. ಮುಂದಿನ ಸಂಚಿಕೆಯಲ್ಲಿ ಅದಕ್ಕೂ ಇಷ್ಟೇ ಪುಟಗಳನ್ನು ಮೀಸಲಿಟ್ಟಿರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಸಂಪಾದಕ