ಕಬ್ಬಿಣದ ಗೋಲಕ ಚಿತ್ರದಲ್ಲಿ ಪ್ಲಾಸ್ಟಿಕ್ ಥರ ಕಾಣುತ್ತಿದೆಯೇ?

ಪ್ರಶ್ನೆ: ಮನೆಯಲ್ಲಿ ಅಜ್ಜನ ಕಾಲದ ಬೀಡುಕಬ್ಬಿಣದ ಗೋಲಕವಿದೆ. ನಾಯಿಯ ಬಾಯಿಗೆ ನಾಣ್ಯ ಇಟ್ಟು ಹಿಡಿಕೆ ಒತ್ತಿದರೆ, ಅದು ಜೋಕರ್ ಹಿಡಿದ ಬಳೆಯೊಳಗಿಂದ ಹಾರಿ ನಾಣ್ಯವನ್ನು ಪೀಪಾಯಿಗೆ ಹಾಕುತ್ತದೆ. ಜಲವರ್ಣದಲ್ಲಿ ಬರೆದರೆ ಪ್ಲಾಸ್ಟಿಕ್ ಆಟಿಕೆ ಥರ ಕಾಣುತ್ತಿದೆ. ಅದಕ್ಕೆ ಹೊಸ ಬಣ್ಣ ಹೊಡೆಸಿ ಬರೆಯಲೇ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ದಯವಿಟ್ಟು ಬೇಡ! ನಿಮ್ಮ ಚಿತ್ರಕ್ಕೆ ಬೇಕಾದದ್ದೇ ಆ ಸವೆದ ಬಣ್ಣ.

ಈ ವಿನ್ಯಾಸಕ್ಕೆ ‘ಟ್ರಿಕ್ ಡಾಗ್’ ಅಂತ ಹೆಸರು. ಅಮೆರಿಕದಲ್ಲಿ 1888ರ ಸುಮಾರಿಗೆ ಬಂದದ್ದು. ಆಮೇಲೆ ನಕಲುಗಳೂ ಬೇಕಾದಷ್ಟು ಬಂದಿವೆ, ಆದರೆ ಚಿತ್ರ ಬರೆಯೋದಕ್ಕೆ ಅಸಲಿಯಾದರೇನು, ನಕಲಿಯಾದರೇನು.

ಇಂಥ ಗೋಲಕಗಳನ್ನು ಜಲವರ್ಣದಲ್ಲಿ ತುಂಬಾ ಚೆನ್ನಾಗಿ ಬರೆದವರು ‘ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್’ ಕಲಾವಿದರು. 1935ರಿಂದ 1942ರವರೆಗೆ ಅಲ್ಲಿನ ಸರಕಾರ ಕೆಲಸವಿಲ್ಲದ ಕಲಾವಿದರಿಗೆ ಸಂಬಳ ಕೊಟ್ಟು ಹಳೆಯ ಸಾಮಾನುಗಳನ್ನೆಲ್ಲ ಬರೆಸಿತು. 18,000ಕ್ಕೂ ಜಾಸ್ತಿ ಹಾಳೆಗಳು ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿವೆ, ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು. ದೊಡ್ಡದು ಮಾಡಿ ನೋಡಿ. ಹಿನ್ನೆಲೆ ಬಹುತೇಕ ಖಾಲಿ, ತುಕ್ಕು, ಚಕ್ಕೆ ಎದ್ದ ಬಣ್ಣ ಎಲ್ಲ ಇದ್ದ ಹಾಗೇ.

ಈಗ ನಿಮ್ಮ ಹಾಳೆಗೆ ಬರೋಣ. ಪ್ಲಾಸ್ಟಿಕ್ ಥರ ಕಾಣೋದಕ್ಕೆ ಸಾಮಾನ್ಯವಾಗಿ ಎರಡು ಕಾರಣ: ಟ್ಯೂಬಿನ ಕಪ್ಪು ಬಣ್ಣ, ಮತ್ತು ಎಲ್ಲ ಕಡೆ ಒಂದೇ ಥರ ಹೊಳಪು. ಕಪ್ಪನ್ನು ಪಕ್ಕಕ್ಕಿಡಿ. ಬರ್ನ್ಟ್ ಸಿಯೆನ್ನಾ ಅನ್ನೋ ಕಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿ, ನೀಲಿ ಜಾಸ್ತಿಯಾದರೆ ತಣ್ಣನೆಯ ಕಬ್ಬಿಣ, ಕಂದು ಜಾಸ್ತಿಯಾದರೆ ತುಕ್ಕು, ಎರಡೂ ಅದರಲ್ಲೇ ಸಿಗುತ್ತವೆ. ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಮತ್ತೊಂದು ಪದರ. ಎರಕದ ಕಬ್ಬಿಣದ ಮೈ ಒರಟು, ಹಾಗಾಗಿ ಕುಂಚವನ್ನು ಅರೆ ಒಣಗಿಸಿ ಹಾಳೆಯ ಮೇಲೆ ಸುಮ್ನೆ ಸವರಿದರೆ ಆ ಕಾಳುಕಾಳು ಮೈ ತಾನೇ ಬರುತ್ತದೆ.

ಹೊಳಪು ಎಲ್ಲಿರಬೇಕು? ಬೆರಳು ತಾಗಿ ತಾಗಿ ನಯವಾದ ಕಡೆ ಮಾತ್ರ, ಅಂದರೆ ಹಿಡಿಕೆಯ ತುದಿ, ನಾಯಿಯ ಮೂತಿ. ಅಲ್ಲಿ ಬಿಳಿ ಬಣ್ಣ ಹಚ್ಚಬೇಡಿ, ಹಾಳೆಯ ಬಿಳುಪನ್ನೇ ಮೊದಲಿನಿಂದ ಬಿಟ್ಟುಕೊಳ್ಳಿ. ಜೋಕರ್‌ನ ಅಂಗಿಯ ಕೆಂಪಿನ ಅಂಚಿನಲ್ಲಿ ಬಣ್ಣ ಉದುರಿ ಕಬ್ಬಿಣ ಕಾಣುವ ಕಡೆ ಸಣ್ಣ ಕುಂಚದಿಂದ ಗಾಢ ಗೆರೆ ಕೊಡಿ, ಬಣ್ಣದ ದಪ್ಪ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಮಾತು, ಏಪ್ರಿಲ್-ಮೇ ಮಧ್ಯಾಹ್ನ ನಮ್ಮ ಹುಬ್ಬಳ್ಳಿ ಕಡೆ ಬಣ್ಣ ಹರಡುವಷ್ಟರಲ್ಲೇ ಒಣಗಿ ಅಂಚುಗಟ್ಟುತ್ತದೆ. ಬೆಳಿಗ್ಗೆ ಕೂತು ಬರೆಯಿರಿ, ಫ್ಯಾನ್ ಆರಿಸಿ, ಹಾಳೆ ದಪ್ಪನೆಯದು, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ್ದು) ಇರಲಿ. ಗೋಲಕವನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು, ನೀರು ಸೋಕಿಸಬೇಡಿ.