ಯಾಸರ್ಗಿಲ್ ಅವರ ನಿಜವಾದ ಕೊಡುಗೆ ಏನು? ಈಗ ಕಲಿಯುವವರು ಅವರಿಂದ ಏನು ತೆಗೆದುಕೊಳ್ಳಬೇಕು?

ನೀವು ನ್ಯೂರೋಸರ್ಜರಿಗೆ (ಮೆದುಳು ಮತ್ತು ನರಗಳ ಶಸ್ತ್ರಚಿಕಿತ್ಸೆಗೆ) ಈಗಷ್ಟೇ ಸೇರಿದ್ದೀರಿ. ಸೀನಿಯರ್‌ಗಳ ಬಾಯಲ್ಲಿ ಮೆದುಳಿನ ಸರ್ಜನ್ ಗಾಜಿ ಯಾಸರ್ಗಿಲ್ ಹೆಸರು ದಿನಾ ಕೇಳುತ್ತೀರಿ. ಅವರು ಮಾಡಿದ್ದು ಮೈಕ್ರೋಸ್ಕೋಪ್ ತಂದದ್ದು, ಉಬ್ಬಿದ ರಕ್ತನಾಳದ ಬುಡ ಮುಚ್ಚುವ ಒಂದು ಕ್ಲಿಪ್ ರೂಪಿಸಿದ್ದು ಅಷ್ಟೇನಾ ಎಂದು ಕೇಳಿದ್ದೀರಿ.

ಅಷ್ಟೇ ಅಲ್ಲ. ಕಿವಿಯ ಸರ್ಜನ್‌ಗಳು 1920ರ ದಶಕದಲ್ಲೇ ಮೈಕ್ರೋಸ್ಕೋಪ್ ಬಳಸುತ್ತಿದ್ದರು. ನ್ಯೂರೋಸರ್ಜರಿಗೂ ಅದನ್ನು ಮೊದಲು ತಂದವರು ಅವರಲ್ಲ, 1957ರಲ್ಲಿ ಲಾಸ್ ಏಂಜಲೀಸ್‌ನ ಥಿಯೋಡೋರ್ ಕರ್ಜ್. ಮೆದುಳನ್ನು ಎಳೆದಾಡದೆ ಅದರ ಬುಡ ತಲುಪುವ ದಾರಿಯನ್ನು ಯಾಸರ್ಗಿಲ್ ತೋರಿಸಿಕೊಟ್ಟರು. ಆ ದಾರಿ ಹಿಡಿಯುವ ಮೊದಲು ಕೈ ಲ್ಯಾಬಿನಲ್ಲಿ ಪಳಗಲೇಬೇಕು ಎಂದು ಪಟ್ಟು ಹಿಡಿದರು. ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡದು.

ಹುಟ್ಟಿದ್ದು 1925ರ ಜುಲೈ 6ರಂದು, ಟರ್ಕಿಯ ಲಿಜೆ ಎಂಬ ಊರಿನಲ್ಲಿ. ವೈದ್ಯಕೀಯ ಓದಲು ಯುದ್ಧದ ನಡುವೆಯೇ ಜರ್ಮನಿಗೆ ಹೋಗಿ, ಕೊನೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಓದು ಮುಗಿಸಿದರು. 1953ರಲ್ಲಿ ಜ್ಯೂರಿಕ್‌ನಲ್ಲಿ ನ್ಯೂರೋಸರ್ಜನ್ ಕ್ರಾಯೆನ್‌ಬ್ಯೂಲ್ ಅವರ ಬಳಿ ಸೇರಿದರು. 1965ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಸಾಕಷ್ಟು ಹೆಸರು ಮಾಡಿದ ಮೇಲೆ, ಅಮೆರಿಕದ ಬರ್ಲಿಂಗ್ಟನ್‌ನಲ್ಲಿ ನ್ಯೂರೋಸರ್ಜನ್ ಡೊನಾಘಿ ಅವರ ಲ್ಯಾಬಿಗೆ ಮತ್ತೆ ವಿದ್ಯಾರ್ಥಿಯಾಗಿ ಹೋದರು. ಒಂದು ವರ್ಷಕ್ಕೂ ಹೆಚ್ಚು ಕಾಲ ನಾಯಿಗಳ ಮೆದುಳಿನ ಸಣ್ಣ ರಕ್ತನಾಳಗಳನ್ನು ಹೊಲಿದರು. 1967ರ ಜನವರಿಯಿಂದ ಜ್ಯೂರಿಕ್‌ನಲ್ಲಿ ಮೈಕ್ರೋಸ್ಕೋಪ್ ಕೆಳಗೆ ಆಪರೇಷನ್ ಶುರು ಮಾಡಿದರು. ಅದೇ ವರ್ಷ ಅಕ್ಟೋಬರ್ 30ರಂದು ನೆತ್ತಿಚರ್ಮದ ಅಪಧಮನಿಯನ್ನು ಮೆದುಳಿನ ಅಪಧಮನಿಗೆ ಜೋಡಿಸಿದರು; ಇದನ್ನೇ ಬೈಪಾಸ್ ಎನ್ನುತ್ತಾರೆ. ಮರುವರ್ಷವೇ ಬೇರೆಯವರಿಗೆ ತರಬೇತಿ ಕೋರ್ಸ್ ತೆರೆದರು.

ಇನ್ನು ಆ ದಾರಿಯ ವಿಷಯ. ಅನ್ಯೂರಿಸಂ (ಅಪಧಮನಿಯ ಗೋಡೆ ಬಲೂನಿನಂತೆ ಉಬ್ಬಿದ ಜಾಗ) ಇರುವುದು ಹೆಚ್ಚಾಗಿ ಮೆದುಳಿನ ತಳದಲ್ಲಿ. ಹಿಂದೆಲ್ಲ ಮೆದುಳಿನ ಮುಂಭಾಗದ ಹಾಲೆಯನ್ನು (ಫ್ರಂಟಲ್ ಲೋಬ್) ಅಂಗಾಂಶ ಸರಿಸಿ ಹಿಡಿಯುವ ಉಪಕರಣವಾದ ರಿಟ್ರಾಕ್ಟರ್‌ನಿಂದ ಎತ್ತಿ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಎತ್ತಿ ಹಿಡಿದಷ್ಟು ಹೊತ್ತೂ ಬ್ಲೇಡ್ ಒತ್ತಿದ ಕಡೆ ರಕ್ತ ಸಂಚಾರ ಕುಗ್ಗುತ್ತದೆ; ಆಮೇಲೆ ಊತ ಬರುತ್ತದೆ, ಮೆದುಳು ಜಜ್ಜಿಹೋಗುತ್ತದೆ. ಯಾಸರ್ಗಿಲ್ ಟೆರಿಯೋನಲ್ ವಿಧಾನವನ್ನು (ಕಣತಲೆಯ ಬಳಿಯ ಮೂಳೆ ತೆರೆದು ಹೋಗುವುದು) ತಿದ್ದಿ ಒಂದು ಕ್ರಮಕ್ಕೆ ತಂದರು. ತಲೆಯನ್ನು ಎದುರು ಬದಿಗೆ ಸುಮಾರು 30 ಡಿಗ್ರಿ ತಿರುಗಿಸಿ, ಕೆನ್ನೆಮೂಳೆ ಎಲ್ಲಕ್ಕಿಂತ ಮೇಲಿರುವಂತೆ ಸ್ವಲ್ಪ ಹಿಂದಕ್ಕೆ ಬಾಗಿಸುತ್ತಾರೆ. ಹಾಗೆ ಮಾಡಿದರೆ ಹಾಲೆ ತನ್ನ ಭಾರಕ್ಕೇ ಹಿಂದೆ ಸರಿಯುತ್ತದೆ. ಮೂಳೆ ತೆಗೆದ ಮೇಲೆ ತಲೆಬುರುಡೆಯ ಒಳಗಿನ ಸ್ಫೀನಾಯ್ಡ್ ಮೂಳೆಯ ಏಣನ್ನು ಡ್ರಿಲ್ ಮಾಡಿ ಸಮತಟ್ಟು ಮಾಡಬೇಕು. ಇದರಲ್ಲಿ ಅವಸರ ಮಾಡಿದರೆ, ಮೂಳೆಯಲ್ಲಿ ಸಿಗಬೇಕಿದ್ದ ಜಾಗವನ್ನು ಮೆದುಳನ್ನು ಒತ್ತಿ ಪಡೆಯಬೇಕಾಗುತ್ತದೆ. ಡ್ಯೂರಾ (ಮೆದುಳಿನ ಹೊರ ಹೊದಿಕೆ) ತೆರೆದ ಮೇಲೆ ಸಿಲ್ವಿಯನ್ ಫಿಷರ್, ಅಂದರೆ ಮುಂಭಾಗದ ಹಾಲೆ ಮತ್ತು ಟೆಂಪೊರಲ್ (ಪಕ್ಕದ) ಹಾಲೆಗಳ ನಡುವಿನ ಸೀಳು, ಬಿಡಿಸುವುದು. ಸಾಮಾನ್ಯವಾಗಿ ಅಲ್ಲಿನ ಸಿರೆಗಳ ಮುಂಭಾಗದ ಹಾಲೆಯ ಬದಿಯಲ್ಲೇ ಬಿಡಿಸುತ್ತಾರೆ, ಯಾಕೆಂದರೆ ಆ ಸಿರೆಗಳು ಹೆಚ್ಚಾಗಿ ಟೆಂಪೊರಲ್ ಕಡೆಗೆ ಹೋಗಿ ಸೇರುತ್ತವೆ. ಆಮೇಲೆ ಕೆರೋಟಿಡ್ ಸಿಸ್ಟರ್ನ್ (ಕೆರೋಟಿಡ್ ಅಪಧಮನಿಯ ಸುತ್ತ ಮೆದುಳಿನ ದ್ರವ ತುಂಬಿದ ಜಾಗ) ತೆರೆದು ದ್ರವ ಹೀರಿ, ಕಾಯಬೇಕು. ಮೆದುಳು ತಾನಾಗಿ ಸಡಿಲಗೊಂಡು ಜಾಗ ಕೊಡುತ್ತದೆ.

ಚರ್ಮ ತೆರೆಯುವಾಗಲೂ ಒಂದು ಅಪಾಯವಿದೆ. ಹುಬ್ಬೆತ್ತುವ ನರದ ಕವಲು ಕಣತಲೆಯ ಟೆಂಪೊರಲಿಸ್ ಸ್ನಾಯುವಿನ ಹೊದಿಕೆಯ ಮೇಲಿನ ಕೊಬ್ಬಿನಲ್ಲಿ ಹಾದುಹೋಗುತ್ತದೆ. ಅದು ಹೋದರೆ ಅನ್ಯೂರಿಸಂ ಎಷ್ಟು ಚೆನ್ನಾಗಿ ಕ್ಲಿಪ್ ಆಗಿದ್ದರೂ ರೋಗಿಗೆ ಆ ಬದಿಯ ಹುಬ್ಬು ಏಳುವುದಿಲ್ಲ. ಹೊದಿಕೆಯ ಎರಡು ಪದರಗಳ ನಡುವೆ ಬಿಡಿಸಿಕೊಂಡು, ಕೊಬ್ಬಿನ ಸಮೇತ ನರವನ್ನು ಚರ್ಮದ ಜೊತೆಗೇ ಮುಂದಕ್ಕೆ ಮಡಚುವ ವಿಧಾನವೂ ಅವರದೇ.

ಉಪಕರಣಗಳು ಈ ಯೋಚನೆಯ ಹಿಂದೆಯೇ ಬಂದವು. ಎರಡೂ ಕೈ ಕೆಲಸದಲ್ಲಿರುವಾಗ ಮೈಕ್ರೋಸ್ಕೋಪ್ ಸರಿಸುವವರು ಯಾರು? ಅದಕ್ಕೇ ತೂಕ ಸರಿದೂಗಿಸಿದ ಸ್ಟ್ಯಾಂಡ್, ಬಾಯಿಂದ ಬ್ರೇಕ್ ಬಿಡಿಸುವ ಸ್ವಿಚ್. ಮಗಳು ಲೈಲಾಳ ಹೆಸರಿನ ರಿಟ್ರಾಕ್ಟರ್ ಕೂಡ ಆ ಕಾಲದ್ದೇ.

ಎಲ್ಲವೂ ಗೆಲ್ಲಲಿಲ್ಲ. ಪಾರ್ಶ್ವವಾಯು ತಡೆಯಲು ಆ ಬೈಪಾಸ್‌ನಿಂದ ಲಾಭವಿಲ್ಲ ಎಂದು 1985ರ ಅಂತರರಾಷ್ಟ್ರೀಯ ಟ್ರಯಲ್ ಹೇಳಿತು. ಮೋಯಾಮೋಯಾ ಕಾಯಿಲೆಗೆ (ಮೆದುಳಿನ ಅಪಧಮನಿಗಳು ಕ್ರಮೇಣ ಕಿರಿದಾಗುವುದು), ಕೆಲವು ದೈತ್ಯ ಅನ್ಯೂರಿಸಂಗಳಿಗೆ ಅದು ಇವತ್ತಿಗೂ ಬೇಕು. 2002ರಲ್ಲಿ ಬಂದ, ಕ್ಲಿಪ್ ಮತ್ತು ಕಾಯಿಲಿಂಗ್ ಹೋಲಿಸಿದ ಐಸ್ಯಾಟ್ ಟ್ರಯಲ್ ನಂತರ ಬಹಳಷ್ಟು ಅನ್ಯೂರಿಸಂಗಳು ಕಾಯಿಲಿಂಗ್‌ಗೆ (ರಕ್ತನಾಳದೊಳಗಿಂದಲೇ ಹೋಗಿ ಲೋಹದ ಸುರುಳಿ ತುಂಬುವುದು) ಹೋಗುತ್ತಿವೆ. ತೆರೆದ ಆಪರೇಷನ್‌ಗೆ ಉಳಿಯುವುದು ಹೆಚ್ಚಾಗಿ ಕಷ್ಟದವು. ನಿಮ್ಮ ಪೀಳಿಗೆಗೆ ಸುಲಭದ ಕೇಸ್‌ಗಳಲ್ಲಿ ಕೈ ಕುದುರಿಸಿಕೊಳ್ಳುವ ಅವಕಾಶ ಕಡಿಮೆ, ಆದ್ದರಿಂದಲೇ ಲ್ಯಾಬ್ ಮುಖ್ಯ ಎನ್ನುತ್ತೇನೆ.

ಶುರು ಮಾಡುವುದು ಹೀಗೆ. ಮೊದಲು ಗ್ಲೌಸಿನ ತುಂಡು ಬಿಗಿಯಾಗಿ ಹಿಡಿಸಿ, 1 ಸೆಂ.ಮೀ. ಸೀಳಿ, ಮೈಕ್ರೋಸ್ಕೋಪ್ ಕೆಳಗೆ ಹೊಲಿಯಿರಿ. ಮುಂಗೈ ಮೇಜಿನ ಮೇಲೆ ಊರಿರಲಿ; ಗಾಳಿಯಲ್ಲಿದ್ದರೆ ನಡುಗುತ್ತದೆ. ಆಮೇಲೆ ಅಂಗಡಿಯ ಕೋಳಿ ರೆಕ್ಕೆ: ಅದರೊಳಗಿನ ಅಪಧಮನಿ 1 ಮಿ.ಮೀ. ಆಸುಪಾಸು ಇರುತ್ತದೆ. ದಾರ 10-0 ನೈಲಾನ್, ತಲೆಗೂದಲಿಗಿಂತ ತೆಳು. ಕತ್ತರಿಸಿದ ತುದಿಯಲ್ಲಿ ಹೊರಪದರವನ್ನು ಸ್ವಲ್ಪ ಸವರಿ ತೆಗೆಯಿರಿ. ಬಿಟ್ಟರೆ ಅದು ಹೊಲಿಗೆಯ ಜೊತೆ ಒಳಗೆ ಸೇರುತ್ತದೆ, ಜೀವಂತ ನಾಳದಲ್ಲಾದರೆ ಅಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಎದುರುಬದುರು ಎರಡು ಆಧಾರ ಹೊಲಿಗೆ ಹಾಕಿ, ಮುಂದಿನ ಗೋಡೆ ಮುಗಿಸಿ, ನಾಳವನ್ನು ಮಗುಚಿ ಹಿಂದಿನದನ್ನು ಹೊಲಿಯಿರಿ. ಎಲ್ಲ ಸೇರಿ ಎಂಟು ಹೊಲಿಗೆ ಸಾಮಾನ್ಯವಾಗಿ ಸಾಕು. ನಾಳದ ಅಂಚನ್ನು ಫೋರ್ಸೆಪ್ಸ್‌ನಿಂದ ಹಿಂಡಬೇಡಿ, ಒಳಪದರ ಹಾಳಾಗುತ್ತದೆ.

ಎಲ್ಲರೂ ಮಾಡುವ ತಪ್ಪೆಂದರೆ ಮುಂದಿನ ಗೋಡೆ ಹೊಲಿಯುವಾಗ ಸೂಜಿ ಹಿಂದಿನ ಗೋಡೆಯನ್ನೂ ಹಿಡಿಯುವುದು. ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಪ್ರತಿ ಸಲ ಕೊನೆಗೆ ಒಂದು ತುದಿಯಿಂದ ನೀರು ಹಾಯಿಸಿ, ಆಮೇಲೆ ನಾಳವನ್ನು ಉದ್ದಕ್ಕೆ ಸೀಳಿ ಒಳಗಿನಿಂದ ಹೊಲಿಗೆ ನೋಡಿ.

ಜೊತೆಗೆ 1984ರಿಂದ 1996ರವರೆಗೆ ಬಂದ ಅವರ ‘ಮೈಕ್ರೋನ್ಯೂರೋಸರ್ಜರಿ’ ಪುಸ್ತಕದ ನಾಲ್ಕು ಸಂಪುಟಗಳಲ್ಲಿ ಮೊದಲನೆಯದನ್ನು ಓದಿ. ಪೀಟರ್ ರೋಥ್ ಬರೆದ ಚಿತ್ರಗಳನ್ನು ನೋಡಿ ಸಿಸ್ಟರ್ನ್‌ಗಳನ್ನು ನೀವೇ ಕೈಯಾರೆ ಬರೆದುಕೊಳ್ಳಿ. 2025ರ ಜೂನ್‌ನಲ್ಲಿ, ನೂರು ತುಂಬಲು ಕೆಲವೇ ವಾರ ಬಾಕಿ ಇರುವಾಗ ಅವರು ತೀರಿಕೊಂಡರು. ಮೊದಲ ಸಂಪುಟ ಬಂದು ನಾಲ್ಕು ದಶಕ ಕಳೆದರೂ ಸಿಸ್ಟರ್ನ್‌ಗಳನ್ನು ಕಲಿಯಲು ನಾನು ಇಂದಿಗೂ ಮೊದಲು ಸೂಚಿಸುವುದು ಅದನ್ನೇ.